ಕಂಪಿನಬಂದರಿನಲ್ಲಿ ಕೂರದ ಅತಿಥಿ

ಬಲು ಹಿಂದೆ, ಏಳು ಹೊಳೆಗಳು ಕಡಲು ಸೇರುವ ಒಂದು ರಾಜ್ಯದಲ್ಲಿ ದುಗ್ಗ ಎಂಬ ತರುಣನಿದ್ದ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಎಂದು ಜನ ಆಡಿಕೊಳ್ಳುತ್ತಿದ್ದರು. ಓದಲು ಕೂರಿಸಿದರೆ ಮೂರನೇ ದಿನಕ್ಕೇ ಕಿಟಕಿ ಹಾರಿದ್ದ. ತಾಯಿಯಿಲ್ಲದ ಅವನನ್ನು ಸಾಕಿದವಳು ಅಕ್ಕ ಚೆಲುವಿ. "ಒಂದು ದಿನವಾದರೂ ನನ್ನ ಪಕ್ಕ ಕೂತು ಉಣ್ಣೋ" ಎಂದು ಅವಳು ಗೊಣಗುವಷ್ಟರಲ್ಲಿ ಇವನು ರೊಟ್ಟಿ ಸುತ್ತಿಕೊಂಡು ಬೀದಿಯ ಕೊನೆಯಲ್ಲಿರುತ್ತಿದ್ದ.

ಆ ಚೆಲುವಿ ಒಮ್ಮೆ ಕಂಪಿನಬಂದರು ನೋಡಲು ಹೋದಳು. ಕಡಲಂಚಿನ ಪುಟ್ಟ ಊರು. ಗುಡ್ಡದ ತುಂಬ ನೇರಳೆ ಬಣ್ಣದ ಲ್ಯಾವೆಂಡರ್ ಹೂವಿನ ಸಾಲು, ಕೆಳಗೆ ನೀಲಿ ನೀರು. ನಾಲ್ಕು ದಿನಕ್ಕೆ ಬರುತ್ತೇನೆ ಅಂದವಳು ತಿಂಗಳಾದರೂ ಬರಲಿಲ್ಲ. ದುಗ್ಗ ಹುಡುಕಿಕೊಂಡು ಹೊರಟ.

ಊರಬಾಗಿಲಲ್ಲಿ ಒಬ್ಬ ಅಜ್ಜಿ ನಿಂತುಕೊಂಡೇ ಮಜ್ಜಿಗೆ ಮಾರುತ್ತಿದ್ದಳು.

"ಎಲ್ಲಿಗೆ ಮಗಾ?"

"ಅಕ್ಕನ್ನ ಕರ್ಕೊಂಡು ಬರೋಕೆ, ಅಜ್ಜಿ."

"ಹಾಗಾದ್ರೆ ಕೇಳು. ನೋಡು, ತಿನ್ನು, ಏನಾದ್ರೂ ಮಾಡು. ಕೂರಬೇಡ. ಈ ಊರ ಒಡತಿ ಸುಳಿಗಂಧಿ ಮಾಟಗಾತಿ. ಇಲ್ಲಿ ಕೂತ ಅತಿಥಿ ಮತ್ತೆ ಏಳಲ್ಲ. ಪಾದದಿಂದ ಹೂ ಬಿಡೋಕೆ ಶುರುವಾಗ್ತದೆ, ನೆತ್ತಿ ಮುಟ್ಟಿದ ದಿನ ಮನುಷ್ಯ ಪೊದೆಯಾಗ್ತಾನೆ. ಆ ಸಾಲುಗಳಲ್ಲಿ ಅರ್ಧ ಜನಾನೇ!"

"ಇದಕ್ಕೆ ಮದ್ದಿಲ್ವಾ?"

"ಅತಿಥಿ ನಿಂತಿರೋವಾಗ ತಾನು ಕೂರಲ್ಲ ಅಂತ ವ್ರತ ಹಿಡಿದು ಅವಳು ಮಾಯೆ ಗಳಿಸಿದ್ದು. ವ್ರತ ಮುರಿದ್ರೆ ಮಾಯೆನೂ ಮುರೀತದೆ. ಆದ್ರೆ ಅಷ್ಟು ಹೊತ್ತು ನಿಲ್ಲೋರು ಯಾರು? ದಾರಿ ನಡೆದು ಬಂದೋರಿಗೆ ಮೊದಲು ಬೇಕಾಗೋದೇ ಕೂರೋ ಜಾಗ."

ದುಗ್ಗ ಒಳಗೆ ಕಾಲಿಟ್ಟಿದ್ದೇ ತಡ, ಸುಳಿಗಂಧಿ ಎದುರು ಬಂದಳು. ನೇರಳೆ ಸೀರೆ, ಬಾಯಿ ತುಂಬ ನಗು.

"ಬನ್ನಿ, ಬನ್ನಿ! ದಣಿದಿದ್ದೀರಿ, ಕೂತ್ಕೊಳ್ಳಿ."

ಬೆಳ್ಳಿ ಸರಪಳಿಯ ಉಯ್ಯಾಲೆಯೊಂದು ತಾನಾಗಿ ತೇಲಿ ಬಂದು ಅವನ ಮೊಣಕಾಲ ಹಿಂದೆ ನಿಂತಿತು.

"ಕೂತ್ರೆ ನಿದ್ದೆ ಹತ್ತುತ್ತೆ ತಾಯಿ. ಊರು ನೋಡೋದು ಹಾಗೇ ಉಳಿದುಬಿಡುತ್ತೆ" ಎಂದು ದುಗ್ಗ ಮುಂದೆ ನಡೆದ.

ಗುಡ್ಡದ ಬುಡದಲ್ಲಿ ಬಿಳಿ ಕುದುರೆಯೊಂದು ಮಂಡಿಯೂರಿ ಮನುಷ್ಯರಂತೆ ಮಾತಾಡಿತು. "ಹತ್ತು ಅಣ್ಣಾ, ಏರು ಕಡಿದಾಗಿದೆ."

"ನಿನ್ನ ಬೆನ್ನ ಮೇಲೆ ಕೂತು ಹೋದೋರೆಲ್ಲ ಈಗ ಎಲ್ಲಿದ್ದಾರೆ?"

ಕುದುರೆ ಕಣ್ಣು ತಗ್ಗಿಸಿತು. ದುಗ್ಗ ಅದರ ಕೊರಳು ಸವರಿ ನಡೆದೇ ಹತ್ತಿದ.

ಗುಡ್ಡದ ತುದಿಯಲ್ಲಿ ಚಾಪೆ ಹಾಸಿತ್ತು. ಚಾಪೆಯ ಮೇಲೆ ಚೆಲುವಿ ಕಡಲು ನೋಡುತ್ತ ಕೂತಿದ್ದಳು. ಕುತ್ತಿಗೆವರೆಗೂ ಹೂ ಬಿಟ್ಟಿತ್ತು. ಸಂಜೆಯೊಳಗೆ ನೆತ್ತಿ ಮುಟ್ಟುವಂತಿತ್ತು. ಪಕ್ಕದಲ್ಲಿ ಎಲೆ ಹಾಕಿ ಬಿಸಿ ಅನ್ನ, ಮೀನುಸಾರು ಬಡಿಸಿತ್ತು.

"ಬಂದ್ಯಾ ತಮ್ಮಾ? ಎಷ್ಟು ಚೆಂದ ಇದೆ ನೋಡು. ನನ್ನ ಪಕ್ಕ ಕೂತು ಒಂದು ತುತ್ತು ಉಣ್ಣೋ. ಇಷ್ಟು ವರ್ಷದಲ್ಲಿ ನಾನು ಕೇಳಿದ್ದು ಇದೊಂದೇ."

ಹುಟ್ಟಿದಾಗಿನಿಂದ ಮೊದಲ ಬಾರಿಗೆ ದುಗ್ಗನಿಗೆ ಕೂರಬೇಕು ಅನ್ನಿಸಿತು. ಮೊಣಕಾಲು ಅರ್ಧ ಬಾಗಿಯೂ ಬಾಗಿತ್ತು. ಅಷ್ಟರಲ್ಲಿ ಅವನ ಹಿಂದೆಯೇ ಗುಡ್ಡ ಹತ್ತಿ ಬಂದು ನಿಂತಿದ್ದ ಸುಳಿಗಂಧಿಯ ಪಾದ ಕಣ್ಣಿಗೆ ಬಿತ್ತು. ಮಾಟಗಾತಿ ಒಂದು ಕಾಲಿನ ಭಾರ ಇನ್ನೊಂದಕ್ಕೆ, ಇನ್ನೊಂದರದ್ದು ಇದಕ್ಕೆ ಹಾಕುತ್ತಿದ್ದಳು. ಅಜ್ಜಿಯ ಮಾತು ನೆನಪಾಗಿ ದುಗ್ಗ ನೆಟ್ಟಗಾದ.

"ಉಣ್ತೀನಿ ಅಕ್ಕಾ, ಖಂಡಿತ ಉಣ್ತೀನಿ. ಅದಕ್ಕೆ ಮೊದಲು ಊರು ಪೂರ್ತಿ ನೋಡಬೇಕು. ತೋರಿಸ್ತೀರಲ್ಲ ಒಡತಿ? ಮನೆಗೆ ಬಂದೋರು ಕೇಳಿದಾಗ ಇಲ್ಲ ಅಂತೀರಾ?"

ಇಲ್ಲ ಅನ್ನುವಂತಿರಲಿಲ್ಲ. ಹೊರಟರು. ಬಂದರಿಗೆ ಇಳಿದರು. ದೀಪಸ್ತಂಭದ ಮುನ್ನೂರು ಮೆಟ್ಟಿಲು ಹತ್ತಿದರು. ಹೂವಿನ ಎಣ್ಣೆ ಇಳಿಸುವ ತಾಮ್ರದ ಹಂಡೆಗಳನ್ನು ಒಂದೊಂದಾಗಿ ನೋಡಿದರು.

"ಆ ಸಾಲು ನೋಡಿದ್ವಾ?" ಎಂದ ದುಗ್ಗ.

"ನೋಡಿದ್ವಲ್ಲ!"

"ಈ ಕಡೆಯಿಂದ ನೋಡಿದ್ವಿ. ಆ ಕಡೆಯಿಂದ?"

ಆ ಕಡೆಯಿಂದಲೂ ನೋಡಿದರು. ಅತ್ತ ಗುಡ್ಡದ ತುದಿಯಲ್ಲಿ ಹೂವು ಚೆಲುವಿಯ ಗಲ್ಲ ಮುಟ್ಟಿತು. ಮತ್ತೆ ಇಳಿದರು, ಮತ್ತೆ ಹತ್ತಿದರು. ಹೂವು ತುಟಿ ಮುಚ್ಚಿತು. ಸುಳಿಗಂಧಿಯ ನಗು ಬಾಡಿತ್ತು, ಸೀರೆಯ ಅಂಚು ಧೂಳಾಗಿತ್ತು.

"ಸಾಕಲ್ಲವೇ?" ಎಂದು ಮಾಟಗಾತಿ ಏದುಸಿರು ಬಿಟ್ಟಳು.

"ಸಾಕು ಅನ್ನೋ ಹಾಗಿದೆಯಾ ನಿಮ್ಮೂರು? ದೀಪಸ್ತಂಭದ ಮೇಲಿಂದ ಸೂರ್ಯ ಮುಳುಗೋದು ಚೆಂದವಂತೆ. ಬನ್ನಿ, ಇನ್ನೊಂದು ಸಲ ಹತ್ತೋಣ."

"ನಿನ್ನ ಕಾಲು ಮುರಿದುಹೋಗ!" ಎಂದು ಕಿರುಚಿ ಸುಳಿಗಂಧಿ ಅಲ್ಲೇ ಇದ್ದ ಕಲ್ಲಿನ ಮೇಲೆ ಧೊಪ್ಪನೆ ಕೂತುಬಿಟ್ಟಳು.

ಕೂತದ್ದೇ ತಡ, ವ್ರತ ಮುರಿದು ಮಾಯೆ ಅವಳಿಗೇ ತಿರುಗಿತು, ಅವಳ ಪಾದದಲ್ಲಿ ಹೂ ಬಿಟ್ಟಿತು. ಕಣ್ಣು ಮಿಟುಕಿಸುವುದರೊಳಗೆ ನೆತ್ತಿ ಮುಟ್ಟಿತು. ಕಲ್ಲಿನ ಮೇಲೆ ಒಂದು ಪೊದೆ ಮಾತ್ರ ಉಳಿಯಿತು.

ಗುಡ್ಡದ ತುಂಬ ಗದ್ದಲವೆದ್ದಿತು. ಊರವರು ನೆಟ್ಟ ಹೂವು ನೆಟ್ಟ ಹಾಗೇ ಇತ್ತು, ನಡುನಡುವೆ ಪೊದೆಯಾಗಿದ್ದವರು ಎದ್ದು "ಅಯ್ಯೋ ಜೋಮು, ಜೋಮು!" ಎಂದು ಕುಂಟುತ್ತ ನಗುತ್ತಿದ್ದರು. ಮಾಟಕ್ಕೆ ಸಿಕ್ಕು ಬಿಳಿ ಕುದುರೆಯಾಗಿದ್ದ ಊರ ಹಳೆಯ ಅಂಬಿಗ ಮತ್ತೆ ಎರಡು ಕಾಲ ಮೇಲೆ ನಿಂತು ತನ್ನ ಕೈಗಳನ್ನೇ ತಿರುಗಿಸಿ ನೋಡಿಕೊಂಡ. ದುಗ್ಗ ಓಡೋಡಿ ತುದಿಗೆ ಬಂದ. ಚೆಲುವಿ ಕೂದಲಿನ ಹೂ ಕೊಡವುತ್ತಿದ್ದಳು.

"ಸಾರು ಆರಿಹೋಯ್ತಲ್ಲೋ" ಎಂದಳು.

ದುಗ್ಗನಿಗೆ ಅಷ್ಟೇ ಸಾಕಾಗಿತ್ತು. ಬಿಟ್ಟ ಉಸಿರಿಗೆ ಹತ್ತಿರದ ಹೂವೆಲ್ಲ ಅಲುಗಿತು. ಗುಡ್ಡದ ಕೆಳಗೆ ನೋಡಿದರೆ ಮಜ್ಜಿಗೆ ಅಜ್ಜಿ ಊರಬಾಗಿಲ ಕಟ್ಟೆಯ ಮೇಲೆ ಕಾಲು ಚಾಚಿ ಆರಾಮಾಗಿ ಕೂತಿದ್ದಳು.

ಆಮೇಲೆ ಅವನೂ ಅಕ್ಕನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. ಮೂರು ಸಲ ಅನ್ನ ಹಾಕಿಸಿಕೊಂಡು ಉಂಡ. ಅಂದಿನಿಂದ ಕಂಪಿನಬಂದರಿಗೆ ಬಂದವರು ಬೇಕಾದಷ್ಟು ಹೊತ್ತು ಕೂತರು, ಬೇಕಾದಾಗ ಎದ್ದು ತಮ್ಮ ಮನೆ ಸೇರಿದರು, ಎಲ್ಲರೂ ಸುಖವಾಗಿದ್ದರು.