ದಂಡೆಯಲ್ಲಿ ಬದಲಾದ ಸೈಕಲ್

ನ್ಯಾಮತಿ ರಸ್ತೆಗೆ ಅಡ್ಡಲಾಗಿ ದುರುಗಪ್ಪ ಬಿದ್ದಿದ್ದ. ಸೈಕಲ್ ಅವನ ಕಾಲಿನ ಮೇಲಿತ್ತು. ಅದರ ಮುಂದಿನ ಗಾಲಿ ಮಾತ್ರ ಇಳಿಜಾರಿನ ಕೆಳಗೆ, ಜೋಳದ ಹೊಲದಲ್ಲಿ ಸಿಕ್ಕಿತು. ಅವನಿಗೆ ಪ್ರಜ್ಞೆ ಇರಲಿಲ್ಲ. ಕಿವಿಯಿಂದ ರಕ್ತ ಬರುತ್ತಿತ್ತು.

೧೯೮೩ರ ಫೆಬ್ರವರಿ. ಹೊನ್ನಾಳಿಯ ಯುವಕ ಸಂಘದ ವರ್ಷದ ಪಂದ್ಯ. ತುಂಗಭದ್ರೆಯನ್ನು ಈಜಿ ದಾಟಬೇಕು, ನ್ಯಾಮತಿಯವರೆಗೆ ಸೈಕಲ್ ತುಳಿಯಬೇಕು, ಅಲ್ಲಿಂದ ಸೂರಗೊಂಡನಕೊಪ್ಪಕ್ಕೆ ಓಡಬೇಕು. ಸಂಘದ ಹೆಸರಲ್ಲಿ ಯುವಕರಿದ್ದರೂ ಜನ ಮುಗಿಬೀಳುತ್ತಿದ್ದದ್ದು ನಲವತ್ತು ದಾಟಿದವರ ಪಂದ್ಯಕ್ಕೆ. ಅಂದರೆ ಗೋವಿನಕೋವಿಯ ದುರುಗಪ್ಪನಿಗೂ ಹೊನ್ನಾಳಿಯ ಅಡಿಕೆ ವ್ಯಾಪಾರಿ ಕೊಟ್ರಬಸಪ್ಪನಿಗೂ ನಡೆಯುವ ಜಿದ್ದಿಗೆ. ಗೆದ್ದವನು ಸೋತವನಿಗೆ ಮಂಡಕ್ಕಿ ಮಿರ್ಚಿ ಕೊಡಿಸಿ, ಮುಂದಿನ ಪಂದ್ಯದವರೆಗೂ ಕಾಲೆಳೆಯುತ್ತಿದ್ದ. ಅಂಥ ಗೆಳೆತನ.

ಈ ಸಲ ಮೊದಲಿನಿಂದಲೂ ಮುಂದಿದ್ದ ಕೊಟ್ರಬಸಪ್ಪ ಗೆದ್ದ. ಕೊರಳಿಗೆ ಹಾರ ಬೀಳುವಾಗಲೇ ಸುದ್ದಿ ಬಂತು. ಯಾರದೋ ಜೀಪು ಹತ್ತಿ ಆಸ್ಪತ್ರೆಗೆ ಬಂದವನು ಹಾರ ತೆಗೆಯುವುದನ್ನೂ ಮರೆತಿದ್ದ.

* * *

ಸಬ್‌ಇನ್‌ಸ್ಪೆಕ್ಟರ್ ರೇವಣ್ಣ ಗಾಲಿಯನ್ನು ತಿರುಗಿಸಿ ನೋಡಿದ. ಎರಡೂ ನಟ್ಟು ಸಡಿಲವಾಗಿದ್ದವು. ತಾವಾಗಿ ಸಡಿಲವಾದದ್ದಲ್ಲ. ನಟ್ಟಿನ ಮೂಲೆಗಳು ತರಚಿ ಹೋಗಿದ್ದವು, ಗಾಯ ಹೊಸದು.

ಸೈಕಲ್ ಯಾರದೆಂದು ಕೇಳಿದ. ಕೊಟ್ರಬಸಪ್ಪನದು ಎಂಬ ಉತ್ತರ ಬಂತು. ಹಾಗಾದರೆ ದುರುಗಪ್ಪ ಯಾಕೆ ಹತ್ತಿದ?

ಸಂಘದ ಬೆನಕಪ್ಪ ವಿವರಿಸಿದ. ಹಿಂದೊಮ್ಮೆ ಸೋತವನು, ಗೆದ್ದದ್ದು ನೀನಲ್ಲ, ನಿನ್ನ ಸೈಕಲ್ಲು ಎಂದು ಹಂಗಿಸಿದ್ದ. ಅಂದಿನಿಂದ ಹೊಳೆಯಿಂದ ಎದ್ದ ಕೂಡಲೇ ಅವನ ಸೈಕಲ್ ಇವನು, ಇವನದು ಅವನು ಹತ್ತುವುದು ರೂಢಿ.

"ದಂಡ್ಯಾಗೆ ನಿಂತೋರಿಗೆಲ್ಲಾ ಇದು ಗೊತ್ತೈತ್ರಿ," ಎಂದ ಬೆನಕಪ್ಪ. ನಿಲ್ಲುತ್ತಿದ್ದವರು ಗಂಡಸರೇ. ಈಜುವವರು ಚಡ್ಡಿಯಲ್ಲಿರುವ ಕಡೆಗೆ ಹೆಣ್ಣುಮಕ್ಕಳು ಸುಳಿಯುತ್ತಿರಲಿಲ್ಲ.

ಹಾಗಾದರೆ ಇದು ಗೊತ್ತಿದ್ದ ಯಾರೋ ದುರುಗಪ್ಪನಿಗೇ ಗುರಿ ಇಟ್ಟಿದ್ದಾರೆ ಎನಿಸಿತು. ರೇವಣ್ಣ ಮೊದಲು ಹಿಡಿದದ್ದು ದುರುಗಪ್ಪನ ದಾಯಾದಿ ಮೂಕಪ್ಪನನ್ನು. ಬದುವಿನ ಜಗಳವಿತ್ತು, ದಂಡೆಯಲ್ಲೂ ಇದ್ದ. ಆದರೆ ಸೈಕಲ್ಲುಗಳ ಪಕ್ಕದಿಂದ ಬೆನಕಪ್ಪ ಕದಲಿರಲಿಲ್ಲ. ಮೂಕಪ್ಪ ಹತ್ತಿರವೂ ಬಂದಿಲ್ಲವೆಂದು ಅವನು ಖಡಾಖಂಡಿತವಾಗಿ ಹೇಳಿದ.

ಅಲ್ಲಿಗೆ ಉಳಿದದ್ದು ಕೊಟ್ರಬಸಪ್ಪನ ಮನೆ. ರಾತ್ರಿಯಿಡೀ ಸೈಕಲ್ ನಡುಮನೆಯಲ್ಲಿತ್ತು, ಬಾಗಿಲಿಗೆ ಅಗಳಿ ಬಿದ್ದಿತ್ತು. ಬೆಳಿಗ್ಗೆ ಕಾಲು ದಣಿಯದಿರಲೆಂದು ಅವನೇ ಅದನ್ನು ಹತ್ತದೆ, ಸೇತುವೆ ದಾಟಿ ಆಚೆ ದಂಡೆಯವರೆಗೆ ತಳ್ಳಿಕೊಂಡು ತಂದಿದ್ದ.

* * *

ಅಲ್ಲಿಯವರೆಗೆ ಕೊಟ್ರಬಸಪ್ಪ ಆಸ್ಪತ್ರೆಯಲ್ಲಿ ಸಿಕ್ಕವರನ್ನೆಲ್ಲ, ಯಾರು ಮಾಡಿದರು ಎಂದು ಕೇಳಿ ಅಳುತ್ತಿದ್ದ. ರೇವಣ್ಣ ಗಾಲಿಯನ್ನು ಅವನ ಮುಂದಿಟ್ಟ. ಅವನು ನಟ್ಟುಗಳನ್ನು ನೋಡಿದ. ಅಳು ನಿಂತಿತು.

"ನಾನೇ ಬಿಚ್ಚಿದ್ದು ಸಾಹೇಬ್ರೆ. ಗೆಲ್ಬೇಕಿತ್ತು."

"ಯಾವುದ್ರಿಂದ ಬಿಚ್ಚಿದ್ರಿ?"

"ಪಾನದಿಂದ."

ಅದು ಸುಳ್ಳೆಂದು ರೇವಣ್ಣನಿಗೆ ತಕ್ಷಣ ಗೊತ್ತಾಯಿತು. ನಟ್ಟಿಗೆ ಸರಿಯಾದ ಪಾನ, ಅಂದರೆ ಸ್ಪ್ಯಾನರ್, ಹಾಕಿದರೆ ಮೂಲೆ ತರಚುವುದಿಲ್ಲ. ಸುಮ್ಮನೆ ಎದ್ದು ಡಾಕ್ಟರ ಕೋಣೆಗೆ ಹೋದ. ಕೊಟ್ರಬಸಪ್ಪ ಈಚೆಗೆ ಇಲ್ಲಿಗೆ ಬಂದಿದ್ದನೇ ಎಂದು ಕೇಳಿದ. ಬಂದಿದ್ದನಂತೆ, ಹೆಂಡತಿಯ ಜೊತೆ. ಅವನ ಹೃದಯ ದುರ್ಬಲವಾಗಿದೆ, ಇನ್ನು ಓಡಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅವನು ನಕ್ಕಿದ್ದ. ಹೆಂಡತಿ ಅತ್ತಿದ್ದಳು.

* * *

ಆಸ್ಪತ್ರೆಯ ಜಗುಲಿಯಲ್ಲಿ ದುರುಗಪ್ಪನ ಹೆಂಡತಿ ಬಂಗಾರಮ್ಮ ಕೂತಿದ್ದಳು. ಅವಳ ಕೈ ಹಿಡಿದು ಕೊಟ್ರಬಸಪ್ಪನ ಹೆಂಡತಿ ಶಿವಗಂಗಮ್ಮ. ಮಧ್ಯಾಹ್ನದಿಂದ ಆ ಕೈ ಬಿಟ್ಟಿರಲಿಲ್ಲ.

ರೇವಣ್ಣ ಕೊಟ್ರಬಸಪ್ಪನನ್ನೂ ಅಲ್ಲಿಗೇ ಕರೆತಂದ.

"ಸೈಕಲ್ ತುಳಿಯೋರು ಪಾನ ಬಿಟ್ಟು ಇಕ್ಕಳದಾಗೆ ನಟ್ಟು ತಿರುವಲ್ಲ," ಎಂದ. "ಅದು ಮನೇಲಿರೋ ಇಕ್ಕಳದ ಕೆಲಸ. ಅದ್ರ ಗುರುತು ಸಿಕ್ಕಿದ ಕೂಡ್ಲೆ ನೀವು ತಪ್ಪು ಮೈಮೇಲೆ ಹಾಕ್ಕಂಡ್ರಿ. ಸೈಕಲ್ ಬದಲಾಗದು ಗೊತ್ತಿದ್ದೋರಾದ್ರೆ ದುರುಗಪ್ಪನ್ನ ಬೀಳ್ಸಾಕೆ ಮಾಡಿರಬೇಕು. ಗೊತ್ತಿಲ್ಲದೋರಾದ್ರೆ ನಿಮ್ಮನ್ನ ನಿಲ್ಸಾಕೆ. ನಿಮ್ಮ ಮನೇಲಿ ಅದು ಗೊತ್ತಿಲ್ಲದೋರು ಒಬ್ರೇ."

ಶಿವಗಂಗಮ್ಮ ತಲೆ ಎತ್ತದೆಯೇ ಹೇಳಿದಳು.

"ಗಾಲಿ ಅಲ್ಲಾಡಿದ್ರೆ ಹತ್ತಿದ ಜಾಗದಾಗೇ ಇಳೀತಾರೆ ಅನ್ಕಂಡೆ. ಇವ್ರು ಉಳೀಲಿ ಅಂತ. ಇವ್ರ ಸೈಕಲ್ಲು ಇವ್ರೇ ಹತ್ತಲ್ಲ ಅಂತ ನಂಗೆ ಯಾರೂ ಹೇಳ್ಲಿಲ್ಲ."

ಬಂಗಾರಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡಳು. "ನಮ್ಮ ಮನಿಗೆ ಬಂದು ಒಂದು ಮಾತು ಹೇಳ್ಬೇಕಿತ್ತಲ್ಲಕ್ಕ. ನನ್ನ ಗಂಡ ಪಂದ್ಯಾನೇ ಬಿಡ್ತಿದ್ದ."

"ಹೇಳಬ್ಯಾಡ ಅಂತ ಇವ್ರು ಆಣೆ ಹಾಕ್ಸಿದ್ರು. ಗೊತ್ತಾದ್ರೆ ದುರುಗಪ್ಪ ಬೇಕಂತ್ಲೇ ಸೋಲ್ತಾನೆ, ಅಂಥ ಗೆಲುವು ನಂಗೆ ಬ್ಯಾಡ ಅಂದ್ರು."

ಒಳಗಿನಿಂದ ಡಾಕ್ಟರು ಬಂದರು. ಬಂಗಾರಮ್ಮನ ಮುಖ ನೋಡಲಾಗದೆ ರೇವಣ್ಣನ ಕಡೆ ತಿರುಗಿ, ಉಳಿಯಲಿಲ್ಲ ಎಂಬಂತೆ ತಲೆಯಾಡಿಸಿದರು. ಅವಳಿಗೆ ಅಷ್ಟೇ ಸಾಕಾಯಿತು. ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಶಿವಗಂಗಮ್ಮ ತಾನೇ ಎದ್ದು ಜೀಪಿನ ಕಡೆ ನಡೆದಳು. ಅವಳನ್ನು ಕರೆದೊಯ್ಯುವುದು ರೇವಣ್ಣನಿಗೆ ಬೇಡವಾಗಿತ್ತು, ಆದರೆ ಬೇರೆ ದಾರಿ ಇರಲಿಲ್ಲ.

ಕೊಟ್ರಬಸಪ್ಪ ಜಗುಲಿಯ ಮೇಲೆ ಕುಸಿದು ಕೂತ. ಎದೆಯ ಮೇಲೆ ಅಂಗೈ ಇಟ್ಟುಕೊಂಡಿದ್ದ.

"ಕೊಪ್ಪದಗಂಟ ಓಡಿದೆ ಸಾಹೇಬ್ರೆ," ಎಂದ. "ಇದಕ್ಕೆ ಏನೂ ಆಗ್ಲಿಲ್ಲ."