ಹನ್ನೊಂದು ಸೆಕೆಂಡಿನ ಹೊಟ್ಟೆಕಿಚ್ಚು

“ಇದು ತೊದಲುತ್ತೆ.”

ಇಷ್ಟೇ ಹೇಳಿ ಅವನು ಕಂಪ್ಯೂಟರಿನ ಕಪ್ಪು ಪೆಟ್ಟಿಗೆಯನ್ನು ಅವಳ ಮೇಜಿನ ಮೇಲೆ ಇಳಿಸಿದ. ಕೂಸನ್ನು ವೈದ್ಯರ ಮುಂದೆ ಮಲಗಿಸುವಷ್ಟು ಮೆಲ್ಲಗೆ.

ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟು ತಲೆಯೆತ್ತಿದಳು. ಪೆಟ್ಟಿಗೆಯ ಪಕ್ಕಕ್ಕೆ ಅವಳದೇ ಕೈಬರಹದ ಚೀಟಿ ಅಂಟಿತ್ತು. ‘ಪರೀಕ್ಷಿಸಿದೆ, ದೋಷವಿಲ್ಲ.’ ಕೆಳಗೆ ಅವಳ ಸಹಿ. ಹತ್ತು ದಿನದ ಹಿಂದೆ ಅವಳೇ ಜೋಡಿಸಿದ ಗೇಮಿಂಗ್ ಕಂಪ್ಯೂಟರ್. ಆರ್ಡರ್ ಹಿಡಿದವಳೂ ತಲುಪಿಸಿದವಳೂ ಅಕ್ಕ. ಹಾಗಾಗಿ ಈ ಗಿರಾಕಿಯ ಮುಖವನ್ನು ಅವಳು ನೋಡುತ್ತಿದ್ದುದು ಅದೇ ಮೊದಲು.

“ನನ್ನ ಕೈಯಿಂದ ಹೋದ ಯಾವ ಮಷೀನೂ ಇಲ್ಲಿ ತನಕ ವಾಪಸ್ ಬಂದಿಲ್ಲ,” ಎಂದಳು.

“ಇದು ಬಂತಲ್ಲ.”

ಎಂಥ ಸೊಕ್ಕು!

“ಏನಾಗುತ್ತೆ, ಸರಿಯಾಗಿ ಹೇಳಿ.”

“ಆಟದಲ್ಲಿ ಓಡ್ತಾ ಇರ್ತೀನಿ. ತಟ್ಟನೆ ಒಂದು ಗಳಿಗೆ ಎಲ್ಲಾ ನಿಂತುಬಿಡುತ್ತೆ. ಮತ್ತೆ ಓಡುತ್ತೆ. ಹನ್ನೊಂದು ಸೆಕೆಂಡಿಗೆ ಒಂದು ಸಲ.”

“ಗಡಿಯಾರ ಹಿಡ್ಕೊಂಡು ಎಣಿಸಿದ್ರಾ?”

“ಹಿಡ್ಕೊಳ್ಳೋದು ಯಾಕೆ? ಗಡಿಯಾರ ರಿಪೇರಿನೇ ನನ್ನ ಕೆಲಸ.”

ಗಲ್ಲಾದಲ್ಲಿ ಕೂತಿದ್ದ ಅಕ್ಕ ಕಿಸಕ್ಕನೆ ನಕ್ಕಳು. ತಂಗಿಯ ಕಿವಿ ಕೆಂಪಾಯಿತು.

ಆಟ ಹಾಕಿ ನೋಡಿದಳು. ಅವನು ಪರದೆಯತ್ತ ನೋಡಲೇ ಇಲ್ಲ. ಕಿಟಕಿಯ ಆಚೆ ನೋಡುತ್ತ “ಈಗ” ಎಂದ. ಪರದೆ ತಡವರಿಸಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ “ಈಗ” ಎಂದ. ಮತ್ತೆ ತಡವರಿಸಿತು.

ಮೂರನೆಯ “ಈಗ”ಕ್ಕೆ ಅವಳ ಎದೆಯೂ ಒಮ್ಮೆ ತಡೆದು ಬಡಿಯಿತು. ಸಿಟ್ಟಿಗಿರಬೇಕು, ಎಂದುಕೊಂಡಳು.

ಎರಡು ದಿನ ಮಷೀನು ಅಂಗಡಿಯಲ್ಲೇ ಇತ್ತು. ಗ್ರಾಫಿಕ್ಸ್ ಡ್ರೈವರ್ ತೆಗೆದು ಹೊಸದಾಗಿ ಹಾಕಿದಳು. ಮೆಮೊರಿ ಕಡ್ಡಿಗಳನ್ನು ಕಿತ್ತು, ಒರೆಸಿ, ಮತ್ತೆ ಕೂರಿಸಿದಳು. ಕೇಬಲ್ ಬದಲಿಸಿದಳು. ತೊದಲು ಹೋಗಲಿಲ್ಲ.

“ಭಾನುವಾರ ಪಂದ್ಯ ಇದೆ. ಹೀಗೇ ಆದ್ರೂ ಪರವಾಗಿಲ್ಲ, ನಾನು ಅಭ್ಯಾಸ ಮಾಡ್ಬೇಕು,” ಎಂದು ಅವನು ಪೆಟ್ಟಿಗೆಯನ್ನು ಎತ್ತಿಕೊಂಡ.

“ಸಂಜೆ ಸಂಜೆ ನಾನೇ ಬಂದು ನೋಡ್ತೀನಿ,” ಎಂದುಬಿಟ್ಟಳು.

ಅಕ್ಕ ಹುಬ್ಬೇರಿಸಿದಳು. “ಪಕ್ಕದ ಬೀದಿ ಟೀಚರಮ್ಮ ಪ್ರಿಂಟರ್ ನೋಡು ಅಂತ ತಿಂಗಳಿಂದ ಅಂಗಲಾಚ್ತಿದ್ದಾರೆ. ಅಲ್ಲಿಗೆ ಕಾಲು ಏಳಲ್ಲ, ಅಲ್ವಾ?”

“ಇದು ನನ್ನ ಹೆಸರಿನ ಪ್ರಶ್ನೆ ಕಣೇ!”

“ಹೌದು ಹೌದು. ಹೆಸರಿನದೇ.”

ಅವನ ಕೋಣೆ ಗಡಿಯಾರದ ಅಂಗಡಿಯ ಮೇಲೆಯೇ ಇತ್ತು. ಗೋಡೆಯ ಮೇಲೆ ಐದು ಗಡಿಯಾರ. ಒಂದೂ ಸರಿಯಾದ ಸಮಯ ತೋರಿಸುತ್ತಿರಲಿಲ್ಲ.

“ಊರವರದ್ದೆಲ್ಲ ಸರಿ ಮಾಡ್ತೀರಿ. ನಿಮ್ಮವು?”

“ವೈದ್ಯನ ಮನೇಲೇ ಕೆಮ್ಮು ಜಾಸ್ತಿ,” ಎಂದು ನಕ್ಕ. ಆಮೇಲೆ ಭೂತಗನ್ನಡಿಯನ್ನು ಅವಳ ಕಣ್ಣಿಗೆ ಹಿಡಿದು, ಸಾಸಿವೆಯಷ್ಟಿದ್ದ ಒಂದು ಹಲ್ಲುಚಕ್ರ ತೋರಿಸಿದ. ನೋಡಲು ಬಗ್ಗಿದಾಗ ಅವನ ಉಸಿರು ಅವಳ ಕೆನ್ನೆಗೆ ತಾಗಿತು. ಅವಳಿಗೆ ಚಕ್ರ ಕಾಣಲೇ ಇಲ್ಲ… “ಚೆನ್ನಾಗಿದೆ” ಎಂದಳು.

ಆಗಲೇ ಸ್ಪೀಕರಿನಿಂದ ಒಂದು ಹೆಣ್ಣು ದನಿ ಹಾರಿ ಬಂತು.

“ಲೋ ಗೂಬೆ! ಎಲ್ಲಿ ಸತ್ತೆ? ಬಾರೋ ಬೇಗ!”

ಅವನ ಮುಖ ಅರಳಿತು. ಓಡಿಹೋಗಿ ಕುರ್ಚಿಯಲ್ಲಿ ಕುಳಿತ.

“ಯಾರದು?” ಆದಷ್ಟು ಸಾಧಾರಣವಾಗಿ ಕೇಳಿದಳು.

“ಮಿಂಚು. ನನ್ನ ಜೊತೆ ಆನ್ಲೈನಲ್ಲಿ ಆಡೋಳು. ಭಾನುವಾರದ್ದು ಜೋಡಿ ಪಂದ್ಯ.”

ಜೋಡಿ!

ಅಂದು ಸಂಜೆಯೆಲ್ಲ ಅವಳು ಮೂಲೆಯಲ್ಲಿ ಕುಳಿತು ಅಂಕಿಗಳನ್ನು ಬರೆದುಕೊಂಡಳು. ಕಿವಿ ಮಾತ್ರ ಅಂಕಿಯ ಮೇಲಿರಲಿಲ್ಲ. ಆ ಮಿಂಚು ಹೇಳಿದ್ದಕ್ಕೆಲ್ಲ ಅವನು ನಗುತ್ತಿದ್ದ. ‘ನನ್ನೆದುರು ಇಷ್ಟು ನಗಲಿಲ್ಲ… ನನಗೇನಂತೆ? ನಾನು ರಿಪೇರಿಯವಳು. ಕೆಲಸ ಮುಗಿದರೆ ಯಾರೋ…’ ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಅರೆಯುತ್ತಿದ್ದರು.

“ಮುಖ ಯಾಕೆ ಸುಟ್ಟ ಬದನೆಕಾಯಿ ಆಗಿದೆ?” ಮನೆಯಲ್ಲಿ ಅಕ್ಕ ಕೇಳಿದಳು.

“ದೋಷ ಸಿಕ್ತಿಲ್ಲ.”

“ಯಾವ ದೋಷ?”



ಮೂರನೆಯ ಸಂಜೆ ದೋಷ ಸಿಕ್ಕಿತು.

ಮಿಂಚಿನ ಕರೆಯನ್ನು ತೆರೆದೇ ಬಿಟ್ಟು, ಕೆಳಗೆ ಗಿರಾಕಿ ಬಂದರೆಂದು ಅವನು ಇಳಿದುಹೋಗಿದ್ದ. ಅವಳು ಕಂಪ್ಯೂಟರಿನಲ್ಲಿ ಹಿನ್ನೆಲೆಯಲ್ಲಿ ಓಡುತ್ತಿದ್ದ ಕೆಲಸಗಳ ಪಟ್ಟಿಯನ್ನು ಒಂದೊಂದಾಗಿ ಓದುತ್ತಿದ್ದಳು. ಒಂದು ಹೆಸರಿನ ಮೇಲೆ ಬೆರಳು ನಿಂತಿತು.

ಅದು ಅವಳದೇ ಪ್ರೋಗ್ರಾಂ!

ಜೋಡಿಸಿದ ಪ್ರತಿ ಮಷೀನಿನಲ್ಲೂ ಅವಳು ಅದನ್ನು ಹಾಕುತ್ತಿದ್ದಳು. ಒಳಗಿನ ಬಿಸಿ ಎಷ್ಟೆಂದು ಹನ್ನೊಂದು ಸೆಕೆಂಡಿಗೊಮ್ಮೆ ಓದಿ ಬರೆದಿಡುವ ಪುಟ್ಟ ಪ್ರೋಗ್ರಾಂ. ಎರಡು ದಿನ ಓಡಿಸಿ, ತೆಗೆದುಹಾಕಿ, ಆಮೇಲೆ ಚೀಟಿ ಅಂಟಿಸುವುದು ಅವಳ ಕ್ರಮ. ಈ ಸಲ ಆತುರದಲ್ಲಿ ಚೀಟಿ ಮೊದಲೇ ಅಂಟಿತ್ತು. ಅದನ್ನು ನಂಬಿ ಅಕ್ಕ ಮಷೀನನ್ನು ತಲುಪಿಸಿಬಿಟ್ಟಿದ್ದಳು. ಪ್ರೋಗ್ರಾಂ ಬಿಸಿ ಓದಿದಾಗಲೆಲ್ಲ ಆಟ ಒಂದು ಗಳಿಗೆ ಕಾಯಬೇಕಿತ್ತು. ಊರನ್ನೆಲ್ಲ ಅನುಮಾನಿಸಿದವಳು ತನ್ನ ಕೈಯನ್ನು ಮಾತ್ರ ಅನುಮಾನಿಸಿರಲಿಲ್ಲ.

ಅಳಿಸಲು ಒಂದು ಕ್ಲಿಕ್ ಸಾಕಿತ್ತು.

ಅಷ್ಟರಲ್ಲಿ ಸ್ಪೀಕರ್ ಮಾತಾಡಿತು. “ಕೇಳಿಸ್ತೇನೋ ಗೂಬೆ? ಮಷೀನ್ ಒಂದು ಸರಿಹೋಗ್ಲಿ, ಆ ರಿಪೇರಿ ರಾಣಿ ಮತ್ತೆ ನಿನ್ನ ಮನೆ ಕಡೆ ತಲೆ ಹಾಕಲ್ಲ ನೋಡು!” ಅದೇ ಖಿಲಖಿಲ ನಗು.

ಅವಳ ಬೆರಳು ಮೌಸಿನ ಮೇಲೆಯೇ ಉಳಿಯಿತು.

‘ಸರಿಹೋಗದಿದ್ದರೆ?’

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಅವಳು ಪಟ್ಟಿಯನ್ನು ಮುಚ್ಚಿದಳು.

“ಸಿಕ್ತಾ?” ಅವನು ಆಸೆಯಿಂದ ಕೇಳಿದ.

“ಇಲ್ಲ… ಒಂದು ಬಿಡಿಭಾಗ ಬದಲಿಸ್ಬೇಕು. ಸೋಮವಾರ ಬರುತ್ತೆ.”

ಹತ್ತು ವರ್ಷದ ಕೆಲಸದಲ್ಲಿ ಗಿರಾಕಿಗೆ ಹೇಳಿದ ಮೊದಲ ಸುಳ್ಳು ಅದು.

ಸೋಮವಾರ ಅವಳು ಹೋದಾಗ ಅವನು ಕೈಗಡಿಯಾರವೊಂದನ್ನು ಬಿಚ್ಚಿಟ್ಟುಕೊಂಡು ಸುಮ್ಮನೆ ಕುಳಿತಿದ್ದ.

“ಸೋತ್ವಿ,” ಎಂದ. “ಕೊನೇ ಸುತ್ತು. ಸೇತುವೆ ಮೇಲಿಂದ ಹಾರ್ಬೇಕು, ಸರಿಯಾಗಿ ಆಗಲೇ ನಿಂತುಬಿಡ್ತು. ಮಿಂಚು ಆ ಕಡೆ ತಲುಪಿ ಕಾಯ್ತಿದ್ಳು. ನಾನು ಬಿದ್ದೆ.”

ಅವಳಿಗೆ ಗೆದ್ದಂತೆ ಅನಿಸಬೇಕಿತ್ತು. ಅನಿಸಲಿಲ್ಲ.

“ನಿಮ್ಮ ತಪ್ಪೇನಿಲ್ಲ ಬಿಡಿ,” ಅವನೇ ಸಮಾಧಾನ ಹೇಳಿದ. “ಪಾಪ, ನೀವು ಎಷ್ಟು ಒದ್ದಾಡಿದ್ರಿ…”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಆ ‘ಪಾಪ’ ತಡೆಯಲಾಗಲಿಲ್ಲ.

“ನನ್ನದೇ ತಪ್ಪು!” ಎಂದಳು. “ನಾನೇ ಹಾಕಿದ್ದ ಪ್ರೋಗ್ರಾಂ, ತೆಗೆಯೋಕೆ ಮರೆತಿದ್ದೆ. ಆವತ್ತೇ ಗೊತ್ತಾಯ್ತು. ಗೊತ್ತಾಗಿಯೂ ತೆಗೀಲಿಲ್ಲ. ಬಿಡಿಭಾಗ ಅನ್ನೋದೆಲ್ಲ ಸುಳ್ಳು.”

ಅವನು ಕೈಗಡಿಯಾರವನ್ನು ಪಕ್ಕಕ್ಕೆ ಸರಿಸಿದ. “ಯಾಕೆ?”

“ಅವಳು ನಗ್ತಾಳಲ್ಲ… ನೀವೂ ನಗ್ತೀರಲ್ಲ… ನೋಡೋಕೆ ಆಗ್ಲಿಲ್ಲ.”

ಹೇಳಿಬಿಟ್ಟಿದ್ದಳು. ಇನ್ನು ಮಾನ ಉಳಿಸಿಕೊಳ್ಳುವ ಮಾತೇ ಇರಲಿಲ್ಲ.

ಅವನು ಎದ್ದ. ದನಿ ತಣ್ಣಗಿತ್ತು. “ಸೋತಿದ್ದು ನಾನೊಬ್ಬನೇ ಅಲ್ಲ. ಇದನ್ನ ಅವಳಿಗೂ ಹೇಳಿ,” ಎಂದು ಮಿಂಚಿಗೆ ಕರೆ ಹಚ್ಚಿದ.

ಹೆಡ್‌ಫೋನನ್ನು ಅವಳ ಮುಂದೆ ಹಿಡಿದ. ಆ ದನಿಯೆದುರು ತಲೆ ತಗ್ಗಿಸುವುದಕ್ಕಿಂತ ಬಾಗಿಲಾಚೆ ಓಡುವುದು ಸುಲಭವಿತ್ತು. ಅವಳು ಹೆಡ್‌ಫೋನ್ ಹಾಕಿಕೊಂಡಳು.

“ನಾನು… ರಿಪೇರಿಯವಳು.”

“ಓಹೋ, ರಾಣಿ! ಏನು?”

ಎಲ್ಲವನ್ನೂ ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ.

“ನಾಲ್ಕು ತಿಂಗಳು ಅಭ್ಯಾಸ ಮಾಡಿದ್ದೆ,” ಮಿಂಚು ಹೇಳಿದಳು. ನಗು ಇರಲಿಲ್ಲ. “ಮಗೂನ ತೊಡೆ ಮೇಲೆ ಹಾಕ್ಕೊಂಡು ಆಡ್ತಿದ್ದೆ.”

“ಮಗು…?”

“ಹೌದಮ್ಮ, ಮಗು. ಗಂಡ. ಒಬ್ಬರು ಅತ್ತೆನೂ ಇದ್ದಾರೆ. ಬೇಕಾ? ಕಳಿಸ್ಕೊಡ್ತೀನಿ.”

“ತಪ್ಪಾಯ್ತು…”

“ತಪ್ಪಾಯ್ತು ಅಂದ್ರೆ ಕಪ್ ಬರುತ್ತಾ?” ಮಿಂಚು ನಿಟ್ಟುಸಿರು ಬಿಟ್ಟಳು. “ನೋಡು, ಮೂರು ವರ್ಷದ ಹಿಂದೆ ಈ ಗೂಬೆ ನನ್ನನ್ನ ಮದುವೆ ಆಗ್ತೀಯಾ ಅಂತ ಕೇಳಿದ್ದ. ಆಗಲ್ಲ ಅಂದೆ. ಸ್ನೇಹ ಉಳೀತು, ಆಟ ಉಳೀತು. ಅಷ್ಟೇ. ಆವತ್ತು ನೀನು ಕೇಳಿಸ್ಕೊಂಡೆಯಲ್ಲ, ಅದು ಅವನನ್ನ ರೇಗಿಸೋಕೆ ಹೇಳಿದ್ದು. ನೀನು ಬರೋ ಸಂಜೆ ಅವನು ಮಧ್ಯಾಹ್ನದಿಂದ ಕೋಣೆ ಗುಡಿಸ್ತಿದ್ದ, ಗೊತ್ತಾ?”

ಅವಳು ತಲೆಯೆತ್ತಿದಳು. ಅವನು ನೆಲ ನೋಡುತ್ತಿದ್ದ.

“ನನ್ನ ಸಿಟ್ಟು ಇಳಿಯೋಕೆ ಟೈಂ ಬೇಕು. ಮುಂದಿನ ಪಂದ್ಯಕ್ಕೆ ನನ್ನ ಮಷೀನೂ ನೀನೇ ನೋಡ್ಕೊಡ್ಬೇಕು, ಪುಕ್ಕಟೆ!” ಆ ಕಡೆ ಮಗು ಅಳಲು ಶುರುಮಾಡಿತು. ಕರೆ ನಿಂತಿತು.

ಅವಳು ಹೆಡ್‌ಫೋನ್ ತೆಗೆದಿಟ್ಟಳು. ಪ್ರೋಗ್ರಾಂ ಅಳಿಸಿದಳು. ಪೆಟ್ಟಿಗೆಯ ಮೇಲಿನ ಚೀಟಿಯನ್ನು ಉಗುರಿನಿಂದ ಕಿತ್ತು ಮುದುರಿಕೊಂಡಳು. ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿದಳು.

“ಹೊರಟ್ರಾ?”

“ಕೆಲಸ ಮುಗೀತು.”

“ನನ್ನ ಸಿಟ್ಟು ಇನ್ನೂ ಹೋಗಿಲ್ಲ.”

“ಗೊತ್ತು.”

“ಹೋಗೋ ತನಕ ಇರಿ.” ಅವನು ಕುರ್ಚಿಯನ್ನು ಅವಳತ್ತ ಎಳೆದ. “ಇನ್ನೊಂದು ಸಲ ಹೊಟ್ಟೆಕಿಚ್ಚು ಬಂದ್ರೆ ಮಷೀನ್ ಮೇಲೆ ತೀರಿಸ್ಕೋಬೇಡಿ. ನನಗೆ ಹೇಳಿ.”

ಅವಳು ಕುಳಿತಳು. ಕಣ್ಣು ತುಂಬಿತ್ತು.

“ಹಾಗಾದ್ರೆ ಹೇಳ್ತೀನಿ… ಈಗಲೂ ಬಂದಿದೆ.”

“ಈಗ ಯಾಕೆ?!”

“ಮೂರು ವರ್ಷದ ಹಿಂದೆ ಅವಳನ್ನ ಕೇಳಿದ್ರಲ್ಲ…” ಅವಳ ದನಿ ಇಳಿಯಿತು. “ನನ್ನನ್ನ ಯಾರೂ ಕೇಳಿಲ್ಲ.”

ಅವನು ಅವಳೆದುರು ನೆಲದ ಮೇಲೇ ಕುಳಿತು, ಮುದುರಿದ ಚೀಟಿಯಿದ್ದ ಅವಳ ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದ.

“ಸಿಟ್ಟಲ್ಲಿ ಕೇಳಿದ್ರೆ ನಡೆಯುತ್ತಾ?”

“ನಡೆಯುತ್ತೆ.”

ಅವನು ಕೇಳಿದ.