ಪ್ರಫುಲ್ಲಕ್ಕನ ಭರಣಿ

ಚಾಕು ನನ್ನ ಪಕ್ಕೆಗೆ ಒತ್ತಿಕೊಂಡಿತ್ತು. ಹಣ್ಣು ಕತ್ತರಿಸುವ ಚಾಕು... ಹಡಗಿನ ಅಡುಗೆಮನೆಯದು.

"ಭರಣಿ ಎಲ್ಲಿ?"

"ಯಾವ ಭರಣಿ?"

"ಉಪ್ಪಿನಕಾಯಿದು. ನಾಟಕ ಮತ್ ಕರ್."

ನಡುಮಧ್ಯಾಹ್ನ. ಲೈಫ್‌ಬೋಟಿನ ಮರೆ. ಬೆನ್ನಿಗೆ ಕಬ್ಬಿಣದ ಕಂಬಿ, ಕಂಬಿಯಾಚೆ ಸಮುದ್ರ. ಆಚೆ ಬದಿಯ ಈಜುಕೊಳದಲ್ಲಿ ಜನ ಡಿಜೆ ಹಾಡಿಗೆ ಕುಣಿಯುತ್ತಿದ್ದರು. ಬೊಬ್ಬೆ ಹೊಡೆದರೂ ಯಾರಿಗೂ ಕೇಳುತ್ತಿರಲಿಲ್ಲ.

ನೀವು ಕೇಳಿದಿರಲ್ಲ, ಒಂದು ವಾರ ಕ್ರೂಸಿಗೆ ಹೋಗಬೇಕು, ಹೇಗಿರುತ್ತದೆ ಅಂತ? ಹೀಗೂ ಇರುತ್ತದೆ.

ಚಾಕು ಹಿಡಿದವನು ಅಂಬರೀಶ. ಆ ಹಡಗಿನ ಅಡುಗೆಯವನು. ನಮ್ಮ ಪ್ರಫುಲ್ಲಕ್ಕನ ತಂಗಿಯ ಮಗ.

ನಾನು ಸುದರ್ಶನ. ಮುಂಬೈ ಬಳಿಯ ಡೊಂಬಿವಲಿಯ ಡಿಟೆಕ್ಟಿವ್. ನನ್ನ ಆಫೀಸು ಜಯಣ್ಣನ ಹೋಟೆಲಿನ ಮಾಳಿಗೆಯಲ್ಲಿ. ಜಯಣ್ಣ ಪ್ರಫುಲ್ಲಕ್ಕನ ಗಂಡ. ಊರಿಂದ ಬರಿಗೈಯಲ್ಲಿ ಬಂದ ನನಗೆ ಅವನು ಜಾಗ ಕೊಟ್ಟ, ಅವಳು ಗಂಜಿ ಹಾಕಿದಳು. ಅವರಿಬ್ಬರ ಮೇಲೆ ಯಾರಾದರೂ ಒಂದು ಮಾತು ಆಡಿದ್ದರೆ ಹಲ್ಲು ಉದುರಿಸುತ್ತಿದ್ದೆ.

ಆಗ ನನ್ನ ಕೈಯಲ್ಲಿ ಒಂದೇ ಕೇಸು. ಥಾಣೆಯ ಗುರಮ್ಮ ಎಂಬ ಪರಿಚಯದ ವಿಧವೆಯ ವಜ್ರದ ನೆಕ್ಲೆಸ್, ಮನೆಯಲ್ಲಿ ಪೂಜೆ ನಡೆದ ದಿನವೇ ಮಾಯವಾಗಿತ್ತು. ಗಂಡ ಕೊಡಿಸಿದ್ದು. ಮಗಳ ಮದುವೆಗೆ ಅಂತ ಕಾಪಾಡಿಕೊಂಡದ್ದು.

"ಪೊಲೀಸರನ್ನ ನಂಬಿಲ್ಲಪಾ, ನಿನ್ನ ನಂಬೀನಿ," ಅಂದಿದ್ದರು.

ನನಗೆ ಏನೂ ಸಿಕ್ಕಿರಲಿಲ್ಲ. ತಲೆ ಕೆಟ್ಟುಹೋಗಿತ್ತು. ಆಗ ಜಯಣ್ಣ ಟಿಕೆಟು ತಂದು ಮೇಜಿನ ಮೇಲಿಟ್ಟ. ಮುಂಬೈಯಿಂದ ಕೊಲಂಬೊ, ವಾಪಸು.

"ಒಂದು ವಾರ ಹೋಗಿ ಬಾ ಮಾರಾಯ. ತಲೆ ತಣ್ಣಗಾಗ್ತದೆ."

ಹೊರಡುವ ದಿನ ಪ್ರಫುಲ್ಲಕ್ಕ ಸ್ಟೇಷನ್ನಿಗೇ ಬಂದಳು. ಕೈಯಲ್ಲಿ ಪಿಂಗಾಣಿ ಭರಣಿ, ಬಾಯಿಗೆ ಬಿಳಿ ಬಟ್ಟೆ, ಮೇಲೆ ಕೆಂಪು ದಾರ.

"ಅಂಬರೀಶನಿಗೆ ಕೊಡು. ಮಾವಿನ ಮಿಡಿ, ನಾನೇ ಹಾಕಿದ್ದು. ಬಿಚ್ಚಬೇಡ ಆಯ್ತಾ, ಗಾಳಿ ಹೊಕ್ಕರೆ ಹಾಳಾಗ್ತದೆ."

ನಮ್ಮವರ ರೋಗ ನಿಮಗೆ ಗೊತ್ತುಂಟಲ್ಲ? ಯಾರು ಎಲ್ಲಿಗೆ ಹೊರಟರೂ ಕೈಗೊಂದು ಗಂಟು. ಒಳಗೇನು ಅಂತ ಕೇಳಿದರೆ ಮರ್ಯಾದೆ ಅಲ್ಲ. ಕಂಡವರ ಬ್ಯಾಗೆಲ್ಲ ಜಾಲಾಡುವ ನಾನು ಆ ದಾರ ಮುಟ್ಟಲಿಲ್ಲ.

ಬಂದರಿನ ಸೆಕ್ಯೂರಿಟಿಯವನು ಮಾತ್ರ ಮುಟ್ಟಿದ. ಮನೆಯಲ್ಲಿ ಮಾಡಿದ ತಿಂಡಿ ಹಡಗಿಗೆ ಅಲೌಡ್ ಇಲ್ಲವಂತೆ. ಕಸದ ಡಬ್ಬಿಗೆ ಹಾಕಲು ಹೊರಟಿದ್ದ. ಕೈಕಾಲು ಹಿಡಿದೆ. ಕೊನೆಗೆ ಕರಗಿದ, ಭರಣಿಯನ್ನು ತನ್ನ ಕಪಾಟಿಗೆ ಹಾಕಿ ಬೀಗ ಜಡಿದ.

"ವಾಪಸ್ ಬಂದಾಗ ತಗೊಂಡು ಹೋಗಿ."

ಹಡಗಿನ ಸುಖಕ್ಕೇನೂ ಕೊರತೆ ಇಲ್ಲ, ಸುಳ್ಳು ಹೇಳಬಾರದು. ಹತ್ತುವಾಗಲೇ ಒಂದು ಕಾರ್ಡು ಕೊಡುತ್ತಾರೆ. ರೂಮಿನ ಕೀಲಿಯೂ ಅದೇ, ಕಾಫಿಯ ಬಿಲ್ಲೂ ಅದೇ. ಲೈಫ್ ಜಾಕೆಟ್ ಡ್ರಿಲ್ ಇರುತ್ತದೆ, ತಪ್ಪಿಸಿಕೊಳ್ಳಬೇಡಿ. ಬಫೆಯಲ್ಲಿ ಜನ ನಾಳೆ ಊಟವೇ ಇಲ್ಲ ಎನ್ನುವ ಹಾಗೆ ತಿನ್ನುತ್ತಾರೆ. ದಡ ಮರೆಯಾದರೆ ಫೋನು ಸತ್ತಂತೆ.

ಬಫೆಯಲ್ಲಿಯೇ ಅಂಬರೀಶ ಸಿಕ್ಕಿದ. "ಭರಣಿ?"

ಅಕ್ಕ ಕೊಟ್ಟದ್ದನ್ನು ಬಂದರಿನಲ್ಲಿ ಬಿಟ್ಟು ಬಂದೆ ಅಂತ ಹೇಳಲು ನಾಚಿಕೆ.

"ರೂಮಲ್ಲಿದೆ. ಕೊಡ್ತೇನೆ."

ಮರುದಿನವೂ ಕೇಳಿದ. ಕೊಲಂಬೊ ಹತ್ತಿರವಾದ ಹಾಗೆ ಅವನ ಮುಖ ಬೆವರತೊಡಗಿತು. ಉಪ್ಪಿನಕಾಯಿಗೆ ಯಾರೂ ಹಾಗೆ ಬೆವರುವುದಿಲ್ಲ. ನನ್ನ ಕಸುಬಿನ ಬುದ್ಧಿ ಎಚ್ಚೆತ್ತದ್ದು ಆಗ... ಚಾಕು ಬಂದದ್ದೂ ಆಗಲೇ.

"ಕೊನೇ ಸಲ ಕೇಳ್ತಾ ಇದ್ದೇನೆ."

"ಕೆಳಗೆ ಬಿತ್ತು ನೋಡು," ಅಂದೆ.

ನೋಡಿದ. ಮೊಣಕೈಯಿಂದ ಅವನ ಮೂಗಿಗೆ ಕೊಟ್ಟೆ. ಓಡಿದೆ.

ಮೆಟ್ಟಿಲು. ಕಾರಿಡಾರ್. ಇನ್ನೊಂದು ಮೆಟ್ಟಿಲು. ಅವನು ಹಿಂದೆಯೇ... ಲಾಬಿಯಲ್ಲಿ ಕ್ಯಾಪ್ಟನ್ ಜೊತೆ ಫೋಟೋ ತೆಗೆಸಿಕೊಳ್ಳುವವರ ಸಾಲು. ಸಾಲು ಮುರಿದು ಕ್ಯಾಪ್ಟನ್ನನ ಹೆಗಲ ಮೇಲೆ ಕೈ ಹಾಕಿದೆ.

ಆ ಫೋಟೋ ಈಗಲೂ ನನ್ನ ಹತ್ತಿರ ಇದೆ. ನಾನು ಹಲ್ಲು ಕಿರಿದಿದ್ದೇನೆ. ಹಿಂದೆ ಮೂಗಿನಿಂದ ರಕ್ತ ಸುರಿಸುತ್ತ ಒಬ್ಬ ಅಡುಗೆಯವನು.

ಕ್ಯಾಪ್ಟನ್ನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಅಕ್ಕನ ತಂಗಿಯ ಮಗನಲ್ಲವೆ? ಉಳಿದ ದಿನಗಳನ್ನು ಜನರ ನಡುವೆಯೇ ಕಳೆದೆ.

ಮುಂಬೈ. ಭರಣಿ ವಾಪಸು ಪಡೆದೆ. ಡೊಂಬಿವಲಿ ಟ್ರೈನಿನ ಪ್ಲಾಟ್‌ಫಾರ್ಮಿನಲ್ಲಿ ಇಬ್ಬರು ಕಾಯುತ್ತಿದ್ದರು. ಇಬ್ಬರೂ ಜಯಣ್ಣನ ಹೋಟೆಲಿನವರು. ದಿನಾ ನನಗೆ ಚಾ ತಂದು ಕೊಡುವವರು. ಅಂಬರೀಶ ಕೊಲಂಬೊದಿಂದ ಫೋನು ಮಾಡಿರಬೇಕು. ಒಬ್ಬ ಸೊಂಟಕ್ಕೆ ಕೈ ಹಾಕಿದ, ಅಲ್ಲಿ ಪಿಸ್ತೂಲು.

ನವಿ ಮುಂಬೈ ಕಡೆಗೆ ಹೊರಟಿದ್ದ ಹಾರ್ಬರ್ ಲೈನ್ ಗಾಡಿಗೆ ಹಾರಿದೆ. ಅವರು ಹಿಂದಿನ ಡಬ್ಬಿಗೆ ಹಾರಿದರು. ಸೀವುಡ್ಸ್‌ನಲ್ಲಿ ಇಳಿದು, ಸ್ಟೇಷನ್ನಿನ ಮೇಲಿರುವ ಮಾಲಿನ ಜನಸಂದಣಿಯಲ್ಲಿ ತಪ್ಪಿಸಿಕೊಂಡು, ಟಾಯ್ಲೆಟ್ಟಿಗೆ ನುಗ್ಗಿ ಚಿಲಕ ಹಾಕಿದೆ.

ದಾರ ಬಿಚ್ಚಿದೆ.

ವಿನೆಗರ್ ವಾಸನೆ. ಅಂಗಡಿಯ ಉಪ್ಪಿನಕಾಯಿ. ಅಕ್ಕನ ಕೈಯದ್ದಲ್ಲ. ಬೆರಳು ಅದ್ದಿದೆ... ಗಟ್ಟಿಯಾದದ್ದೇನೋ ತಗಲಿತು. ತೊಳೆದೆ. ಹರಳುಗಳು. ನೆಕ್ಲೆಸ್ಸಿನಿಂದ ಕಿತ್ತ ವಜ್ರದ ಹರಳುಗಳು.

ಗುರಮ್ಮನ ಪೂಜೆಯ ಊಟ ಯಾರ ಹೋಟೆಲಿನದು ಅಂತ ಆಗ ನೆನಪಾಯಿತು. ಜಯಣ್ಣನದು. ನಾನೇ ಹೇಳಿ ಆರ್ಡರ್ ಕೊಡಿಸಿದ್ದೆ.

ಮುಂಬೈಯನ್ನೆಲ್ಲ ಜಾಲಾಡಿ ಹುಡುಕಿದ ಕಳ್ಳಮಾಲನ್ನು, ಕೊಲಂಬೊದಲ್ಲಿ ಮಾರಲಿಕ್ಕೆ ಅಂತ, ನಾನೇ ಹೊತ್ತುಕೊಂಡಿದ್ದೆ. ಸಿಕ್ಕಿಬಿದ್ದಿದ್ದರೆ ಕಳ್ಳ ನಾನೇ. ಆ ಟಾಯ್ಲೆಟ್ಟಿನಲ್ಲಿ ಕೂತು ಅತ್ತೆ, ಯಾಕೆ ಮುಚ್ಚಿಡಲಿ?

ಅಕ್ಕನಿಗೆ ಗೊತ್ತಿರಲಿಕ್ಕಿಲ್ಲ. ಅವಳು ಹಾಕಿದ್ದು ಮಿಡಿ. ಅವಳ ಕಣ್ಣು ತಪ್ಪಿಸಿ ಜಯಣ್ಣ ಅದನ್ನು ಬದಲಾಯಿಸಿದ್ದಾನೆ. ಹಾಗೇ ಅಂದುಕೊಂಡೆ.

ಥಾಣೆಗೆ ಹೋಗಿ ಗುರಮ್ಮನಿಗೆ ಹರಳು ತೋರಿಸಿ, ಅವರ ಜೊತೆಗೇ ಪೊಲೀಸ್ ಸ್ಟೇಷನ್ನಿಗೆ ಹೋದೆ. ಸಂಜೆಗೆ ಜಯಣ್ಣ ಒಳಗೆ.

"ಹೆಂಡ್ತಿ?" ಇನ್ಸ್‌ಪೆಕ್ಟರ್ ಕೇಳಿದರು.

"ಅವಳಿಗೆ ಏನೂ ಗೊತ್ತಿಲ್ಲ ಸರ್. ನನ್ನ ಗ್ಯಾರಂಟಿ."

"ವಿಚಾರಿಸಬೇಕಲ್ಲ."

"ಮೊದಲು ನಾನು ಹೋಗಿ ಅವಳಿಗೆ ಸುದ್ದಿ ಹೇಳ್ತೇನೆ. ಆಮೇಲೆ ಬೆಲ್ ಮಾಡಿ."

ಅವರು ಅಕ್ಕನ ಮನೆಯ ಕೆಳಗೆ ಜೀಪಿನಲ್ಲಿ ಕೂತರು. ನಾನು ಮೇಲೆ ಹೋದೆ.

ಅಕ್ಕ ಬಾಗಿಲು ತೆಗೆದಳು. ಯಾವ ಸುದ್ದಿಯೂ ತಲುಪಿರಲಿಲ್ಲ. ಮುಖ ನೋಡಿದವಳೇ ತಟ್ಟೆ ಇಟ್ಟಳು.

"ಎಂತ ಸೊರಗಿ ಹೋಗಿದ್ದಿ? ಹಡಗಲ್ಲಿ ಊಟ ಹಾಕ್ಲಿಲ್ವಾ? ಕೂತ್ಕೋ, ಗಂಜಿ ಉಂಟು."

ಹೇಗೆ ಬಾಯಿ ತೆರೆಯುವುದು ಅಂತ ತಿಳಿಯದೆ ಕೂತೆ. ಅವಳು ಬಿಸಿ ಗಂಜಿ ಬಡಿಸಿದಳು, ಪಕ್ಕದಲ್ಲಿ ಚಟ್ನಿ ಇಟ್ಟಳು. ಇಷ್ಟು ವರ್ಷ ಆ ಜಾಗದಲ್ಲಿ ಮಿಡಿ ಇರುತ್ತಿತ್ತು.

"ಉಪ್ಪಿನಕಾಯಿ ಇಲ್ಲ ಮಾರಾಯ. ಈ ಸಲ ಊರಲ್ಲಿ ಮಿಡಿಯೇ ಸಿಕ್ಕಲಿಲ್ಲ. ನಾನು ಹಾಕ್ಲೇ ಇಲ್ಲ..."

ಸೌಟು ಗಾಳಿಯಲ್ಲಿ ನಿಂತಿತು. ಅವಳು ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ.

ಕೆಳಗೆ ಜೀಪಿನ ಬಾಗಿಲು ಹಾಕಿದ ಸದ್ದು. ಮೆಟ್ಟಿಲ ಮೇಲೆ ಬೂಟು. ಬೆಲ್ ಹೊಡೆಯಿತು.

"ಸುದರ್ಶನ," ಅಂದಳು ಮೆಲ್ಲಗೆ. "ಅವರಿಗೆ ನನ್ನ ಹೆಸರು ಹೇಳ್ಬೇಡ ಮಗಾ."

ಉಣ್ಣುತ್ತಿರುವಾಗ ನಡುವೆ ಏಳಬಾರದು ಅಂತ ನನಗೆ ಕಲಿಸಿದ್ದು ಅವಳೇ. ತಟ್ಟೆ ಖಾಲಿ ಮಾಡಿದೆ, ಕೈ ತೊಳೆದೆ, ಆಮೇಲೆ ಬಾಗಿಲು ತೆಗೆದೆ.